ಹಗುರ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ನೋಡಿ, ಆಮೇಲೆ ಹಾಕಿ

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿದ್ದೇನೆ.)

ಈ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇವೆ. ಎರಡೂ ಹಗುರ, ಒಂದೇ ಕೈಯಲ್ಲಿ ಎತ್ತಬಹುದು. ಎಡಗಡೆ ಇರುವುದು 11.6 ಇಂಚಿನದು. ಒಳಗೆ ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಬೋರ್ಡಿಗೇ ಕೂರಿಸಿದ ಅಗ್ಗದ ಚಿಪ್) ಸ್ಟೋರೇಜ್. 2020-21ರಲ್ಲಿ ಮಕ್ಕಳ ಪಾಠವೆಲ್ಲ ಆನ್‌ಲೈನ್ ಆಯಿತಲ್ಲ, ಆಗ ಇಂಥವು ಎಷ್ಟೋ ಮನೆಗಳಿಗೆ ಬಂದವು. ಈಗ ಬೀರುವಿನ ಮೇಲೆ ಕೂತಿವೆ. ಬಲಗಡೆ ಇರುವುದು ಥಿಂಕ್‌ಪ್ಯಾಡ್ ಎಕ್ಸ್270, 12.5 ಇಂಚಿನದು, 2017ರ ಮಾಡೆಲ್. ಯಾವುದೋ ಕಂಪನಿಯಲ್ಲಿ ದುಡಿದು, ಲೀಸ್ ಮುಗಿದ ಮೇಲೆ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದದ್ದು.

ಎರಡಕ್ಕೂ ಮೂಲೆ ಸೇರಲು ಬೇರೆ ಬೇರೆ ಕಾರಣ ಇದೆ. ಮೊದಲನೆಯದರ ಕಾರಣ ಜಾಗ. 64 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲನ್ನು ತೆಗೆದುಕೊಂಡು, ಅದರ ಮೇಲೆ ಅಪ್‌ಡೇಟ್‌ಗಳು ಬಂದು, ಕೊನೆಗೆ ಇನ್ನೊಂದು ಅಪ್‌ಡೇಟ್ ಇಳಿಸಲು ಸಹ ಜಾಗ ಇರುವುದಿಲ್ಲ. ಎರಡನೆಯದರ ಕಾರಣ ವಯಸ್ಸು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು ಅನ್ನುತ್ತದೆ. ಎಕ್ಸ್270ರಲ್ಲಿ ಇರುವುದು ಆರನೇ ಅಥವಾ ಏಳನೇ ತಲೆಮಾರು. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಹಿಂಜ್ ಗಟ್ಟಿಯಾಗಿದೆ. ಆದರೂ ಅದು ಹಳೇ ಸಾಮಾನು ಅಂತ ಲೆಕ್ಕಕ್ಕೆ ಬಂತು. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಇಂಥ ಲ್ಯಾಪ್‌ಟಾಪ್‌ಗೆ ಇನ್ನೂ ಐದಾರು ವರ್ಷ ಕೆಲಸ ಮಾಡುವ ಶಕ್ತಿ ಇದೆ.

ಆ ಶಕ್ತಿ ಬಳಸಿಕೊಳ್ಳಲು ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದನ್ನು ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಅದನ್ನು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದರ ಹಿಂದೆ ಒಂದು ಕೆಲಸ ಇದೆ, ಮುಂದೆ ಒಂದು ಕೆಲಸ ಇದೆ. ಹಿಂದಿನದು, ಮಶೀನನ್ನೂ ಅದನ್ನು ಬಳಸುವವರನ್ನೂ ಸರಿಯಾಗಿ ತಿಳಿದುಕೊಳ್ಳುವುದು. ಮುಂದಿನದು, ಅವರು ಕೂತು ತಮ್ಮ ಕೆಲಸ ಶುರುಮಾಡುವ ಮಟ್ಟಕ್ಕೆ ಅದನ್ನು ತರುವುದು. ನಮ್ಮ ಕಡೆ ಅಂದರೆ ಕನ್ನಡ ಬರೆಯುವುದು ಅದರಲ್ಲಿ ಸೇರಿತು. ಲಿನಕ್ಸ್ ಹಾಕಿಸಿಕೊಂಡು ಎರಡು ವಾರಕ್ಕೆ "ಸರಿಹೋಗಲಿಲ್ಲ" ಅಂತ ಬಿಟ್ಟವರನ್ನು ಕೇಳಿ ನೋಡಿ. ಹೆಚ್ಚಿನ ಸಲ ತೊಂದರೆ ಈ ಎರಡರಲ್ಲೊಂದು ಕಡೆ ಇರುತ್ತದೆ.

ಮೊದಲು ಮನುಷ್ಯರ ವಿಷಯ. ಯಾರಾದರೂ ಲ್ಯಾಪ್‌ಟಾಪ್ ತಂದುಕೊಟ್ಟು "ಲಿನಕ್ಸ್ ಹಾಕಿಕೊಡಿ" ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ಏನು ಮಾಡ್ತೀರಿ?" ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತೇನೆ ಅಂದರೆ, ಬೇಡ ಅಂತ ಹೇಳುತ್ತೇನೆ. ಟ್ಯಾಲಿ ವಿಂಡೋಸ್‌ನದೇ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಸರ್ಕಾರಿ ಪೋರ್ಟಲ್‌ಗಳಲ್ಲಿ ಸಹಿ ಮಾಡುವವರಿಗೂ ಮೊದಲು ಆ ಟೋಕನ್ ಬೇರೆ ಕಡೆ ನಡೆಯುತ್ತದಾ ನೋಡಿ ಅನ್ನುತ್ತೇನೆ. ಮಕ್ಕಳಿಗೆ ಸೇಫ್ ಎಕ್ಸಾಮ್ ಬ್ರೌಸರ್‌ನಲ್ಲಿ ಪರೀಕ್ಷೆ ಇದ್ದರೂ ಅಷ್ಟೇ, ಅದು ಲಿನಕ್ಸ್‌ಗೆ ಇಲ್ಲ. ಇಂಥವರಿಗೆ ಸುಮ್ನೆ ಆಸೆ ಹುಟ್ಟಿಸಿ ಲಿನಕ್ಸ್ ಹಾಕಿಕೊಟ್ಟರೆ ಅವರಿಗೂ ಕಷ್ಟ, ಲಿನಕ್ಸ್‌ಗೂ ಕೆಟ್ಟ ಹೆಸರು. ಬರೆಯುವುದು, ಓದುವುದು, ಮೇಲ್, ಬ್ಯಾಂಕಿನ ವೆಬ್‌ಸೈಟ್, ವಿಡಿಯೋ ಕಾಲ್, ಸಿನಿಮಾ, ಪ್ರೋಗ್ರಾಮಿಂಗ್ ಕಲಿಯುವುದು, ಇವಿಷ್ಟು ಸಾಕು ಅನ್ನುವವರಿಗೆ ಧೈರ್ಯವಾಗಿ ಹಾಕಿಕೊಡಬಹುದು.

ಪ್ರಿಂಟರ್ ಯಾವುದು ಅಂತಲೂ ಆಗಲೇ ಕೇಳಿಬಿಡಿ. ಇತ್ತೀಚಿನ ವೈಫೈ ಪ್ರಿಂಟರ್‌ಗಳು ಹೆಚ್ಚಾಗಿ ಬೇರೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇಲ್ಲದೆಯೇ ಕೆಲಸ ಮಾಡುತ್ತವೆ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ತುಂಬಾ ಸತಾಯಿಸುತ್ತವೆ.

ಇನ್ನು ಯಾವ ಲಿನಕ್ಸ್ ಅನ್ನುವ ಪ್ರಶ್ನೆ. ಲಿನಕ್ಸ್ ಹಲವು ರೂಪಗಳಲ್ಲಿ ಸಿಗುತ್ತದೆ, ಒಂದೊಂದಕ್ಕೂ ಡಿಸ್ಟ್ರೋ ಅನ್ನುತ್ತಾರೆ. ಮಿಂಟ್, ಡೆಬಿಯನ್, ಉಬುಂಟು, ಫೆಡೋರಾ ಅಂಥವು. ಇದರ ಮೇಲೆ ಜಗಳ ಮಾಡಲು ಜನ ಸಿದ್ಧವಾಗಿರುತ್ತಾರೆ, ನಾನು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಸ್ವಲ್ಪ ಕೈ ಪಳಗಿದವರಿಗೆ ಡೆಬಿಯನ್ 13, ಅದರಲ್ಲೂ ಎಕ್ಸ್‌ಎಫ್‌ಸಿಇ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ನೆನಪಿಡಬೇಕಾದದ್ದು ಇಷ್ಟು: ಮಶೀನಿಗೆ ಭಾರ ಆಗುವುದು ಡಿಸ್ಟ್ರೋ ಹೆಸರಿನಿಂದ ಅಲ್ಲ, ಅದರ ಮೇಲೆ ಕೂರುವ ಡೆಸ್ಕ್‌ಟಾಪಿನಿಂದ, ಅಂದರೆ ಕಿಟಕಿ, ಮೆನು ತೋರಿಸುವ ತಂತ್ರಾಂಶದಿಂದ. ಎಕ್ಸ್‌ಎಫ್‌ಸಿಇ, ಗ್ನೋಮ್ ಅಂಥವು. ಗ್ನೋಮ್ ನೋಡಲು ಚಂದ, ಆದರೆ ಏನೂ ತೆರೆಯುವ ಮುಂಚೆಯೇ ರ‍್ಯಾಮ್ ಬಳಕೆ 1 ಜಿಬಿ ದಾಟಿರುತ್ತದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ನಡೆಯುತ್ತವೆ. ಇರುವುದೇ 4 ಜಿಬಿ ಆದಾಗ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು, ಹೆಚ್ಚಿಸಲು ಬಾರದು ಅಂದಾಗ, ಆ ವ್ಯತ್ಯಾಸ ದೊಡ್ಡದೇ.

ಮುಂದಿನ ಸಾಲಿನಲ್ಲಿ ಒಬ್ಬರು 2008ರ ಸುಮಾರಿನ ನೆಟ್‌ಬುಕ್ ತಂದಿದ್ದಾರೆ. ಅದರಲ್ಲಿ ಆ್ಯಟಮ್ ಎನ್270 ಇದ್ದರೆ ಅದು 32 ಬಿಟ್ ಅನ್ನುವ ಹಳೇ ಮಾದರಿಯ ಪ್ರೊಸೆಸರ್. ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಡೆಬಿಯನ್ 12ಕ್ಕೆ ಅದು ಕೊನೆಯಾಯಿತು. ಉಬುಂಟು ಅದಕ್ಕೂ ಮುಂಚೆಯೇ ಬಿಟ್ಟಿತ್ತು. ಅಂಥದ್ದರಲ್ಲಿ ಬರೆಯುವ ಕೆಲಸ ಮಾಡಬಹುದು ಸರ್, ಇವತ್ತಿನ ವೆಬ್‌ಸೈಟ್‌ಗಳನ್ನು ತೆರೆಯುವ ಆಸೆ ಇಟ್ಟುಕೊಳ್ಳಬೇಡಿ. ಅಂದಹಾಗೆ, ಹಗುರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಅನ್ನುವುದು ಹೊಸ ಯೋಚನೆಯೇನೂ ಅಲ್ಲ. 2007ರಲ್ಲಿ ಬಂದ ಆಸುಸ್‌ನ "ಈ ಪಿಸಿ" (Eee PC) ಅನ್ನುವ ಲ್ಯಾಪ್‌ಟಾಪ್ 7 ಇಂಚಿನದು, ಒಂದು ಕೆಜಿಗಿಂತ ಕಡಿಮೆ ತೂಕ, 512 ಎಂಬಿ ರ‍್ಯಾಮ್. ಅದು ಅಂಗಡಿಯಿಂದ ಬರುತ್ತಿದ್ದುದೇ ಲಿನಕ್ಸ್ ಹಾಕಿಕೊಂಡು.

ಇನ್ನೂ ಹಿಂದೆ ಹೋದರೆ ನಮ್ಮ ಊರಿಗೇ ಬರುತ್ತೇವೆ. ಒಂದು ನಿಮಿಷ ದಾರಿ ತಪ್ಪುತ್ತೇನೆ, ಕ್ಷಮಿಸಿ. ಸಿಂಪ್ಯೂಟರ್ ಎಷ್ಟು ಜನಕ್ಕೆ ನೆನಪಿದೆ? ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಮಾಡಿದ ಕೈಯಲ್ಲಿ ಹಿಡಿಯುವ ಕಂಪ್ಯೂಟರ್. 2001ರಲ್ಲಿ ಜನರ ಮುಂದೆ ಇಟ್ಟರು. ಅದರಲ್ಲಿ ಇದ್ದದ್ದು ಲಿನಕ್ಸ್. ಇಂಗ್ಲಿಷ್ ಬಾರದವರ ಕೈಗೂ ಕಂಪ್ಯೂಟರ್ ಸಿಗಬೇಕು, ಅವರವರ ಭಾಷೆಯಲ್ಲೇ ನಡೆಯಬೇಕು ಅನ್ನುವುದು ಅದರ ಉದ್ದೇಶ. ಅದೇ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. 2005ರಿಂದ ಅದು ಫಾಸ್ ಡಾಟ್ ಇನ್ ಅನ್ನುವ ಹೆಸರಿನಲ್ಲಿ ನಡೆಯಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ನಾವು ಇವತ್ತು ಇಲ್ಲಿ ಕೂತು ಮಾಡುತ್ತಿರುವುದು ಈ ಊರಿನಲ್ಲಿ ಆಗಲೇ ಆರಂಭವಾದ ಕೆಲಸ ಅನ್ನುವುದು ನನಗೆ ಸಂತೋಷದ ವಿಷಯ. ಸರಿ, ಮತ್ತೆ ಮೇಜಿಗೆ ಬರೋಣ.

ಮೊದಲು ಬೇಕಾದದ್ದು ಲಿನಕ್ಸ್ ತುಂಬಿಕೊಳ್ಳಲು ಒಂದು ಪೆನ್ ಡ್ರೈವ್. 8 ಜಿಬಿಯದು ಸಾಕು. ಡಿಸ್ಟ್ರೋದ ಸ್ವಂತ ಸೈಟಿನಿಂದಲೇ ಐಎಸ್ಒ ಫೈಲ್ (ಡಿಸ್ಟ್ರೋ ಪೂರ್ತಿ ಒಳಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ. ಬೇರೆ ಯಾರೋ ಕೊಟ್ಟ ಲಿಂಕ್ ಬೇಡ. ಡೆಬಿಯನ್ ಆದರೆ "ಲೈವ್" ಅಂತ ಇರುವುದನ್ನೇ ಆರಿಸಿ, ಅದು ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಓಡುತ್ತದೆ. ಪಕ್ಕದಲ್ಲೇ ಒಂದು ಚೆಕ್‌ಸಮ್ ಕೊಟ್ಟಿರುತ್ತಾರೆ, ಫೈಲ್ ಸರಿಯಾಗಿ ಇಳಿದಿದೆಯಾ ನೋಡಲು 64 ಅಕ್ಷರಗಳ ಒಂದು ಸಾಲು. ಇಳಿಸಿದ ಫೈಲಿನದನ್ನು ಅದರ ಜೊತೆ ಹೋಲಿಸಿ. ವಿಂಡೋಸ್‌ನಲ್ಲಿ ಅದಕ್ಕೆ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಆಗಲೇ ಇದೆ, ಬೇರೇನೂ ಹಾಕಬೇಕಿಲ್ಲ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಇಳಿಸುವಾಗ ಮಧ್ಯೆ ನೆಟ್ ಹೋಗಿ ಫೈಲ್ ಅರ್ಧಂಬರ್ಧ ಆಗಿದ್ದರೆ ಇನ್‌ಸ್ಟಾಲ್ ಎಲ್ಲೋ ಮುಕ್ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ, ಆಗ ನಾವು ಲ್ಯಾಪ್‌ಟಾಪನ್ನು ಬೈಯುತ್ತೇವೆ. ಫೈಲನ್ನು ಪೆನ್ ಡ್ರೈವಿಗೆ ಬರೆಯಲು ರೂಫಸ್, ಎಚರ್ ಅನ್ನುವ ತಂತ್ರಾಂಶಗಳಲ್ಲಿ ಯಾವುದಾದರೂ ಆಗಬಹುದು. ನನ್ನ ಹತ್ತಿರ ಇರುವುದು ವೆಂಟಾಯ್ ಅನ್ನುವ ತಂತ್ರಾಂಶ ಹಾಕಿದ ಪೆನ್ ಡ್ರೈವ್. ಅದರಲ್ಲಿ ಐಎಸ್ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಆಯಿತು, ಒಂದರಲ್ಲೇ ನಾಲ್ಕೈದು ಡಿಸ್ಟ್ರೋ ಇಟ್ಟುಕೊಳ್ಳಬಹುದು.

ಈ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಶುರುಮಾಡಲು ಬೂಟ್ ಮೆನು ಬೇಕು, ಅಂದರೆ ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ. ಆನ್ ಮಾಡಿದ ಕೂಡಲೇ ಅದರ ಕೀ ಒತ್ತಬೇಕು. ಲೆನೊವೊ, ಡೆಲ್‌ನಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಷ್ಟೋ ಸಲ ಎಫ್12 ಕೆಲಸವೇ ಮಾಡುವುದಿಲ್ಲ. ಮೊದಲು ಎಫ್2 ಒತ್ತಿ ಬಯೋಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಒಳಗೆ ಹೋಗಿ ಎಫ್12 ಬೂಟ್ ಮೆನು ಅನ್ನುವುದನ್ನು ಆನ್ ಮಾಡಬೇಕು. ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಬೇಕಾ ಅಂತ ಕೇಳುತ್ತಾರೆ. ಡೆಬಿಯನ್ 2019ರ 10ನೇ ಆವೃತ್ತಿಯಿಂದ ಅದರ ಜೊತೆಗೇ ನಡೆಯುತ್ತದೆ, ಮಿಂಟ್, ಉಬುಂಟು ಸಹ ನಡೆಯುತ್ತವೆ. ಹಾಗಾಗಿ ಅದನ್ನು ಮುಟ್ಟಬೇಡಿ. ವೆಂಟಾಯ್ ಬಳಸುವಾಗ ಮಾತ್ರ ಮೊದಲ ಸಲ ಅದರ ಕೀಯನ್ನು ಒಪ್ಪಿಕೊಳ್ಳಲು ಒಂದು ನೀಲಿ ಪರದೆ ಬರುತ್ತದೆ.

ಈಗ ಲೈವ್ ಡೆಸ್ಕ್‌ಟಾಪ್ ಬಂತು ಅಂದುಕೊಳ್ಳಿ. ಒಳಗಿನ ಡಿಸ್ಕ್ ಮುಟ್ಟಿಲ್ಲ, ವಿಂಡೋಸ್ ಹಾಗೇ ಇದೆ, ಲಿನಕ್ಸ್ ಮಾತ್ರ ಪೆನ್ ಡ್ರೈವಿನಿಂದ ಓಡುತ್ತಿದೆ. ಮೂಲೆಯಲ್ಲಿ "ಇನ್‌ಸ್ಟಾಲ್" ಅನ್ನುವ ಐಕಾನ್ ಕರೆಯುತ್ತಿರುತ್ತದೆ. ಅದನ್ನು ಒತ್ತಬೇಡಿ. ಬಾಡಿಗೆ ಮನೆ ನೋಡಲು ಹೋದಾಗ ಅಡ್ವಾನ್ಸ್ ಕೊಡುವ ಮುಂಚೆ ನಲ್ಲಿ ತಿರುಗಿಸಿ ಕಾವೇರಿ ನೀರು ಬರುತ್ತಾ ಅಂತ ನೋಡುತ್ತೇವಲ್ಲ, ಇದು ಆ ಹೊತ್ತು. ಒಂದೊಂದನ್ನೇ ಮುಟ್ಟಿ ನೋಡಿ.

ಮೊದಲು ವೈಫೈ. ಪಟ್ಟಿಯಲ್ಲಿ ಮನೆಯ ನೆಟ್‌ವರ್ಕ್ ಕಾಣಿಸುತ್ತಾ? ಕಾಣಿಸಿದರೆ ಸಾಲದು, ಸೇರಿಕೊಂಡು ಒಂದು ವಿಡಿಯೋ ಓಡಿಸಿ. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಿ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್‌ನ ವೈಫೈ ಚಿಪ್ ಜಾಸ್ತಿ. ಅದರಲ್ಲಿ 8821ಸಿಇ ಅನ್ನುವುದು ಬಹಳ ಜನರ ನಿದ್ದೆ ಕೆಡಿಸಿತ್ತು, 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗೇ ಅದಕ್ಕೆ ಡ್ರೈವರ್ ಬಂದ ಮೇಲೆ ಸಲೀಸಾಯಿತು. ಹಾಗಾಗಿ ಹಗುರ ಲ್ಯಾಪ್‌ಟಾಪಿಗೆ ಹಳೇ ಡಿಸ್ಟ್ರೋ ಹಾಕಿದರೆ ಒಳ್ಳೆಯದು ಅನ್ನುವ ನಂಬಿಕೆ ಇದ್ದರೆ ಬಿಡಿ. ಕರ್ನೆಲ್ ಹೊಸದಾದಷ್ಟೂ ಹಾರ್ಡ್‌ವೇರ್ ಪರಿಚಯ ಜಾಸ್ತಿ. ಇನ್ನೊಂದು ಸಂಗತಿ. ವೈಫೈ ಚಿಪ್‌ಗೆ ಡ್ರೈವರ್ ಜೊತೆಗೆ ಫರ್ಮ್‌ವೇರ್ ಅನ್ನುವ ಮುಚ್ಚಿದ ಕೋಡ್ ಸಹ ಬೇಕಾಗುತ್ತದೆ. ಡೆಬಿಯನ್‌ನವರು ಮುಕ್ತ ತಂತ್ರಾಂಶದ ವಿಷಯದಲ್ಲಿ ಕಟ್ಟುನಿಟ್ಟಿನವರು, ಅದನ್ನು ಇನ್‌ಸ್ಟಾಲರ್ ಒಳಗೆ ಸೇರಿಸುತ್ತಿರಲಿಲ್ಲ. 2022ರಲ್ಲಿ ತಮ್ಮೊಳಗೇ ಮತ ಹಾಕಿ ಸೇರಿಸಲು ಒಪ್ಪಿದರು. 2023ರ ಜೂನ್‌ನ ಡೆಬಿಯನ್ 12ರಿಂದ ಅದು ಒಳಗೇ ಬರುತ್ತದೆ. ತತ್ವ ಬಿಟ್ಟರು ಅಂತ ಬೇಸರ ಪಟ್ಟವರಿದ್ದಾರೆ. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ನೆಟ್ಟೇ ಬಾರದ ಲ್ಯಾಪ್‌ಟಾಪ್ ಹಿಡಿದುಕೊಂಡು ಯಾರೂ ಸ್ವಾತಂತ್ರ್ಯದ ಪಾಠ ಕಲಿಯುವುದಿಲ್ಲ.

ವೈಫೈ ಬರಲೇ ಇಲ್ಲ ಅಂದರೆ ಹೆದರಬೇಡಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಅಂತಲೇ ಗುರುತಿಸುತ್ತದೆ, ಏನೂ ಸೆಟ್ಟಿಂಗ್ ಬೇಡ. ಆ ನೆಟ್‌ನಲ್ಲಿ ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು.

ಆಮೇಲೆ ಸದ್ದು. ಸ್ಪೀಕರ್, ಹೆಡ್‌ಫೋನ್, ಮೈಕ್ ಮೂರನ್ನೂ ಬೇರೆ ಬೇರೆಯಾಗಿ ನೋಡಿ. ಸೆಲೆರಾನ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಸದ್ದಿನ ಚಿಪ್ ಜೋಡಿಸಿರುವ ರೀತಿಯೇ ಬೇರೆ, ಟ್ಯಾಬ್ಲೆಟ್‌ಗಳಲ್ಲಿ ಇರುವಂಥದ್ದು. ಅಲ್ಲಿ ತೊಂದರೆ ಬರಬಹುದು. ಕ್ಯಾಮೆರಾ ನೋಡಿ. ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀ ನೋಡಿ. ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರೋಲ್ ನೋಡಿ. ಕೊನೆಗೆ ಮುಚ್ಚಳ ಮುಚ್ಚಿ, ಕಾಫಿ ಕುಡಿದು ಬಂದು ತೆರೆಯಿರಿ. ಎಚ್ಚರವಾಗಬೇಕು, ವೈಫೈ ತಾನಾಗಿ ಮತ್ತೆ ಸೇರಬೇಕು. ಈ ಕೊನೆಯದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ದಿನವೂ ಕಾಡುವುದು ಇದೇ.

ಇದೇ ಪೆನ್ ಡ್ರೈವ್ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಜೇಬಿನಲ್ಲಿ ಇಟ್ಟುಕೊಂಡು ಎಸ್‌ಪಿ ರೋಡಿಗೆ ಹೋಗಿ. "ಅಣ್ಣಾ, ಒಂದ್ಸಲ ಇದರಿಂದ ಆನ್ ಮಾಡಿ ನೋಡ್ತೀನಿ" ಅಂದರೆ ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ಅನ್ನುವವರ ಹತ್ತಿರ ಕೊಳ್ಳಬೇಡಿ. ಮೊದಲು ಬಯೋಸ್ ತೆರೆಯಿರಿ, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಪಾಸ್‌ವರ್ಡ್ ಕೇಳಿತು ಅಂದರೆ ಹಳೇ ಕಂಪನಿಯ ಬೀಗ ಇನ್ನೂ ಅದರ ಮೇಲಿದೆ ಅಂತ ಅರ್ಥ. ಎಷ್ಟೇ ಅಗ್ಗ ಇದ್ದರೂ ಕೆಳಗಿಡಿ, ಅದನ್ನು ತೆಗೆಸುವುದು ಸುಲಭ ಅಲ್ಲ. ಆಮೇಲೆ ಲೈವ್ ಡೆಸ್ಕ್‌ಟಾಪಿಗೆ ಬಂದು ಎಕ್ಸ್‌ಎಫ್‌ಸಿಇಯ ಪವರ್ ಮ್ಯಾನೇಜರ್‌ನಲ್ಲಿ ಬ್ಯಾಟರಿಯ ವಿವರ ತೆರೆಯಿರಿ. ಅಲ್ಲಿ ಎರಡು ಸಂಖ್ಯೆ ಕಾಣುತ್ತವೆ. ತಯಾರಾದಾಗ ಬ್ಯಾಟರಿ ಎಷ್ಟು ವ್ಯಾಟ್ ಅವರ್ ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ. 23 ಇದ್ದದ್ದು 11ಕ್ಕೆ ಇಳಿದಿದ್ದರೆ ಅರ್ಧ ಸವೆದಿದೆ. ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಅಂಗಡಿಯವರ ಬಾಯಿಮಾತಿಗಿಂತ ಈ ಎರಡು ಸಂಖ್ಯೆ ಗಟ್ಟಿ.

ಇನ್ನು ಬ್ಯಾಕಪ್. ಫೋಟೋ, ದಾಖಲೆ ಎಲ್ಲ ಬೇರೆ ಡಿಸ್ಕಿಗೆ. ವಿಂಡೋಸ್ 11 ಇದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು, ನಿಮಗೇ ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ ಏನಾದರೂ ಬದಲಾಯಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್, ಲಿನಕ್ಸ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದಾ ಅಂತ ಮೇಡಂ ಕೇಳುತ್ತಿದ್ದಾರೆ. 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಧಾರಾಳವಾಗಿ ಇಟ್ಟುಕೊಳ್ಳಿ. 64 ಜಿಬಿಯದರಲ್ಲಿ ಬೇಡ. ಇಬ್ಬರಿಗೂ ಉಸಿರಾಡಲು ಜಾಗ ಇರುವುದಿಲ್ಲ.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು ಸುಲಭ. ಭಾಷೆ, ಊರು, ಹೆಸರು, ಪಾಸ್‌ವರ್ಡ್. ಎಚ್ಚರ ಬೇಕಾದದ್ದು ಒಂದೇ ಕಡೆ, ಡಿಸ್ಕ್ ಆರಿಸುವಾಗ. ಇಲ್ಲಿ ಪರದೆ ನೋಡಿ. ಎರಡು ಡಿಸ್ಕ್ ತೋರಿಸುತ್ತಿದೆ. ಒಂದರ ಹೆಸರು ಎಸ್‌ಡಿಎ. ಇನ್ನೊಂದು ಎಂಎಂಸಿಬಿಎಲ್‌ಕೆ0. ಲಿನಕ್ಸ್ ಬಗ್ಗೆ ಅಲ್ಲಿ ಇಲ್ಲಿ ಓದಿದವರಿಗೆ ಎಸ್‌ಡಿಎ ಅಂದರೆ ಒಳಗಿನ ಹಾರ್ಡ್ ಡಿಸ್ಕ್ ಅಂತ ತಲೆಯಲ್ಲಿ ಕೂತಿರುತ್ತದೆ. ಇಂಥ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಎ ಅಂದರೆ ನೀವು ಸಿಕ್ಕಿಸಿರುವ ಪೆನ್ ಡ್ರೈವ್. ಒಳಗಿನ ಇಎಂಎಂಸಿಯೇ ಆ ಉದ್ದ ಹೆಸರಿನದು. ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ಹೆಸರು ಎನ್‌ವಿಎಂಇ ಅಂತಲೇ ಶುರುವಾಗುತ್ತದೆ. ಹೆಸರಿಗಿಂತ ಗಾತ್ರ ನೋಡುವುದು ಒಳ್ಳೆಯದು. 64 ಜಿಬಿಯದು 58ರ ಆಸುಪಾಸು ತೋರಿಸುತ್ತದೆ, 8 ಜಿಬಿಯದು 7ರ ಆಸುಪಾಸು. ಅಷ್ಟು ನೋಡಿಕೊಂಡು ಮುಂದೆ ಒತ್ತಿ. ಚಾರ್ಜರ್ ಹಾಕಿಕೊಂಡೇ ಮಾಡಿ, ಮಧ್ಯೆ ಕರೆಂಟ್ ಹೋದರೂ ಬ್ಯಾಟರಿ ಎಳೆದುಕೊಂಡು ಹೋಗುವಷ್ಟು ತುಂಬಿರಲಿ.

ಹಾಕಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಅಪ್‌ಡೇಟ್. ಎರಡನೆಯದು ಜಡ್‌ರ‍್ಯಾಮ್. ಏನಿದು ಅಂದರೆ, ರ‍್ಯಾಮ್ ತುಂಬುತ್ತಾ ಬಂದಾಗ ಅದರಲ್ಲಿರುವ ಸ್ವಲ್ಪ ಮಾಹಿತಿಯನ್ನು ಡಿಸ್ಕಿಗೆ ತಳ್ಳುವ ಬದಲು ರ‍್ಯಾಮ್‌ನಲ್ಲೇ ಕುಗ್ಗಿಸಿ ಇಡುವುದು. ಇಎಂಎಂಸಿ ನಿಧಾನ, ಜೊತೆಗೆ ಮತ್ತೆ ಮತ್ತೆ ಬರೆದರೆ ಸವೆಯುತ್ತದೆ. ಪ್ರೊಸೆಸರ್ ಎಷ್ಟೇ ಬಡವಾದರೂ ಕುಗ್ಗಿಸುವ ಕೆಲಸ ಅದಕ್ಕಿಂತ ಬೇಗ ಮಾಡುತ್ತದೆ. ಫೆಡೋರಾದವರು 2020ರ 33ನೇ ಆವೃತ್ತಿಯಿಂದ ಇದನ್ನು ತಾವೇ ಹಾಕಿಕೊಡುತ್ತಿದ್ದಾರೆ. ಡೆಬಿಯನ್‌ನಲ್ಲಿ ಜಡ್‌ರ‍್ಯಾಮ್ ಟೂಲ್ಸ್ ಅನ್ನುವ ಪ್ಯಾಕೇಜ್ ನಾವೇ ಹಾಕಬೇಕು. 4 ಜಿಬಿಯ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಟ್ಯಾಬ್ ನಾಲ್ಕರಿಂದ ಎಂಟಕ್ಕೆ ಹೋದಾಗ ಇದರ ಗುಣ ಗೊತ್ತಾಗುತ್ತದೆ.

ಬ್ರೌಸರ್ ಅಂದೆ. ಈ ಕಾಲದ ಲ್ಯಾಪ್‌ಟಾಪಿಗೆ ಅತಿ ದೊಡ್ಡ ಹೊರೆ ಅದೇ. ಅದರಲ್ಲೂ ವಿಡಿಯೋ. ಈ ಸೆಲೆರಾನ್‌ನ ಗ್ರಾಫಿಕ್ಸ್ ಚಿಪ್‌ಗೆ ಎಚ್264, ವಿಪಿ9 ಅನ್ನುವ ರೀತಿಗಳಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸಲು ಬರುತ್ತದೆ. ಎವಿ1 ಅನ್ನುವ ಹೊಸದು ಬರುವುದಿಲ್ಲ. ಯೂಟ್ಯೂಬ್ ಎವಿ1 ಕಳಿಸಿದರೆ ಆ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬರುತ್ತದೆ, ವಿಡಿಯೋ ತೊದಲುತ್ತದೆ, ಬ್ಯಾಟರಿ ಇಳಿಯುತ್ತದೆ. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್ ಪುಟ ತೆರೆದು ಮೀಡಿಯಾ ಡಾಟ್ ಎವಿ1 ಡಾಟ್ ಎನೇಬಲ್ಡ್ ಅನ್ನುವುದನ್ನು ಫಾಲ್ಸ್ ಮಾಡಿ. ಆಗ ಯೂಟ್ಯೂಬ್ ವಿಪಿ9 ಕಳಿಸುತ್ತದೆ, ಚಿಪ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಈಗಲೇ ತೋರಿಸುತ್ತೇನೆ, ಪ್ರೊಸೆಸರ್ ಗ್ರಾಫ್ ನೋಡಿ. ಮೊದಲು ಮೇಲಿನ ಗೆರೆ ಮುಟ್ಟುತ್ತಿತ್ತು, ಈಗ ಇಳಿಯಿತು ಅಲ್ವಾ? ಎಕ್ಸ್270ಕ್ಕೂ ಎವಿ1 ಬರುವುದಿಲ್ಲ, ಅಲ್ಲೂ ಇದನ್ನೇ ಮಾಡಿ.

ಮನೆಯಿಂದ ಕೆಲಸ ಮಾಡುತ್ತಾ ದಿನವಿಡೀ ಚಾರ್ಜರ್ ಹಾಕಿಟ್ಟಿರುವವರಿಗೆ ಒಂದು ಮಾತು. ಥಿಂಕ್‌ಪ್ಯಾಡ್‌ನಲ್ಲಿ ಟಿಎಲ್‌ಪಿ ಅನ್ನುವ ತಂತ್ರಾಂಶದಿಂದ ಚಾರ್ಜ್ 80 ಶೇಕಡಕ್ಕೆ ನಿಲ್ಲುವಂತೆ ಮಾಡಬಹುದು. ಬ್ಯಾಟರಿ ಜಾಸ್ತಿ ದಿನ ಬಾಳುತ್ತದೆ.

ಈಗ ಕನ್ನಡ. ನನ್ನ ಮಟ್ಟಿಗೆ ಇದು ಆಗುವವರೆಗೆ ಲ್ಯಾಪ್‌ಟಾಪ್ ಮುಗಿಯಿತು ಅಂತ ಯಾರ ಕೈಗೂ ಕೊಡುವುದಿಲ್ಲ. ಫಾಂಟ್ ಮೊದಲು. ನೋಟೋ, ಲೋಹಿತ್ ಎರಡೂ ಡೆಬಿಯನ್‌ನಲ್ಲಿ ಸಿಗುತ್ತವೆ. ಕನ್ನಡಿಗರೇ ಮಾಡಿದ ಗುಬ್ಬಿ, ನವಿಲು ಅನ್ನುವ ಮುಕ್ತ ಫಾಂಟ್‌ಗಳೂ ಅದೇ ಭಂಡಾರದಲ್ಲಿವೆ, ಹಾಕಿಕೊಳ್ಳಿ. ಟೈಪ್ ಮಾಡಲು ಐಬಸ್ ಅನ್ನುವ ತಂತ್ರಾಂಶ, ಅದರ ಜೊತೆ ಎಂ17ಎನ್ ಅನ್ನುವ ಪ್ಯಾಕೇಜ್. ಅದರಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಕೀಬೋರ್ಡ್ ವಿನ್ಯಾಸ ಇದೆ, ಇಂಗ್ಲಿಷ್ ಉಚ್ಚಾರದಂತೆ ಬರೆಯುವುದೂ ಇದೆ, ಕೆಜಿಪಿ ವಿನ್ಯಾಸವೂ ಇದೆ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತಿನದು, ನುಡಿ ತಂತ್ರಾಂಶ ಬಳಸಿದವರಿಗೆಲ್ಲ ಬೆರಳಿಗೆ ಅಭ್ಯಾಸ ಆಗಿರುವುದು. "ಕನ್ನಡ" ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಎಫ್. ನುಡಿ ಬಿಟ್ಟು ಬರಲು ಭಯಪಡುತ್ತಿದ್ದವರ ಬೆರಳು ಅದೇ ಕೀಗಳ ಮೇಲೆ ಓಡುವುದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ಫಾಂಟ್ ಸರಿಯಾಗಿದೆಯಾ ನೋಡಲು ನಾನು ಎರಡು ಪದ ಬರೆಯುತ್ತೇನೆ. ಒಂದು "ರ‍್ಯಾಮ್". ಇದರಲ್ಲಿ ರ ಪೂರ್ತಿ ನಿಂತು ಯ ಒತ್ತಾಗಿ ಬರಬೇಕು. ಮಧ್ಯೆ ಕಾಣದ ಒಂದು ಜೋಡಣೆಯ ಗುರುತು ಇರುತ್ತದೆ, ಅದಿಲ್ಲದಿದ್ದರೆ ಅರ್ಕಾವತ್ತು ಆಗಿ "ರ್ಯಾಮ್" ಅಂತ ಬರುತ್ತದೆ. ಇನ್ನೊಂದು "ಲಿನಕ್ಸ್‌ನಲ್ಲಿ". ಇಲ್ಲಿ ಸ್ ಮತ್ತು ನ ಬೇರೆಯಾಗಿ ನಿಲ್ಲಬೇಕು, ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ಳಬಾರದು. ಈ ಎರಡು ಪದ ಬ್ರೌಸರ್‌ನಲ್ಲಿ, ಲಿಬ್ರೆ ಆಫೀಸ್ ಅನ್ನುವ ಬರೆಯುವ ತಂತ್ರಾಂಶದಲ್ಲಿ, ಪಿಡಿಎಫ್ ಮಾಡಿದ ಮೇಲೂ ಸರಿಯಾಗಿ ಬಂದರೆ ಉಳಿದದ್ದು ಬಂದಂತೆಯೇ. ಲಿಬ್ರೆ ಆಫೀಸ್‌ನಲ್ಲಿ ಕನ್ನಡದ ಫಾಂಟ್ ಬದಲಾಯಿಸಿದರೂ ಬದಲಾಗುತ್ತಿಲ್ಲ ಅನ್ನುವ ದೂರು ಆಗಾಗ ಬರುತ್ತದೆ. ಆಯ್ಕೆಗಳಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರು ಕನ್ನಡ ಆರಿಸಬೇಕು. ಅಲ್ಲಿಂದಾಚೆ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಒಂದು ಫಾಂಟ್ ಬೇರೆ ಬೇರೆಯಾಗಿ ಇಡಬಹುದು.

ಹನುಮಂತನಗರದ ನಿವೃತ್ತ ಮೇಷ್ಟ್ರು ಒಬ್ಬರ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಟ್ಟೆ. ತಮ್ಮ ಹಳೇ ಫೈಲ್ ಒಂದನ್ನು ತೆರೆದರು. ಕನ್ನಡದ ಜಾಗದಲ್ಲಿ ತಲೆ ಮೇಲೆ ಚುಕ್ಕೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. "ಏನಪ್ಪಾ ಇದು, ನಾನು ಬರೆದದ್ದೆಲ್ಲ ಹೋಯಿತಾ?" ಅಂದರು. "ಎಲ್ಲೂ ಹೋಗಿಲ್ಲ ಸಾರ್" ಅಂದೆ. ಹಳೇ ಫಾಂಟ್‌ಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಕಾಣುತ್ತದೆ. ಅವರ ಹಳೇ ಫಾಂಟ್ ಫೈಲನ್ನು ಫಾಂಟ್ ಫೋಲ್ಡರಿಗೆ ಹಾಕಿದ ಕೂಡಲೇ ಬರಹ ಹಿಂದಿನಂತೆ ಕಂಡಿತು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ಬರಹವನ್ನು ಹುಡುಕಲು ಆಗದು, ಫೋನಿಗೆ ಕಳಿಸಿದರೆ ಮತ್ತೆ ರಾಶಿಯೇ. ಅದನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಡೆ ಒಂದೇ ರೀತಿ ಕಾಣುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವ ಮುಕ್ತ ತಂತ್ರಾಂಶಗಳಿವೆ. ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ಹಳೇ ಫೈಲನ್ನೂ ಜೊತೆಗಿಟ್ಟುಕೊಳ್ಳಿ. ಮೇಷ್ಟ್ರು ಈಗ ದಿನಕ್ಕೊಂದು ಪಾಠದಂತೆ ತಮ್ಮ ಟಿಪ್ಪಣಿಗಳನ್ನು ಯುನಿಕೋಡ್‌ಗೆ ತರುತ್ತಿದ್ದಾರೆ. ಯಾರಾದರೂ ಕೈಜೋಡಿಸುವುದಾದರೆ ಅವರಿಗೆ ತುಂಬಾ ಸಂತೋಷ ಆಗುತ್ತದೆ.

ಕೊನೆಯ ಪ್ರಶ್ನೆ, ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ? ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇದೆ. ಸಿಸ್ಟಮ್‌ನ ಹಿಂದಿನ ಸ್ಥಿತಿಯ ಪ್ರತಿ ಇಟ್ಟುಕೊಂಡು, ಬೇಕಾದಾಗ ಅಲ್ಲಿಗೆ ಮರಳುತ್ತದೆ. 64 ಜಿಬಿಯದರಲ್ಲಿ ಪ್ರತಿಗಳನ್ನು ಎರಡಕ್ಕೆ ಮಿತಿಗೊಳಿಸಿ, ಇಲ್ಲದಿದ್ದರೆ ಅದೇ ಡಿಸ್ಕ್ ತುಂಬಿಬಿಡುತ್ತದೆ. ನಿಮ್ಮ ಫೋಟೋ, ದಾಖಲೆಗಳ ಬ್ಯಾಕಪ್ ಅದು ಮಾಡುವುದಿಲ್ಲ, ಅದಕ್ಕೆ ಬೇರೆ ಡಿಸ್ಕೇ ಬೇಕು.

ಲ್ಯಾಪ್‌ಟಾಪ್ ತಂದಿರುವವರು ಗೋಡೆ ಪಕ್ಕದ ಮೇಜುಗಳಿಗೆ ಬನ್ನಿ, ಅಲ್ಲಿ ಪ್ಲಗ್ ಪಾಯಿಂಟ್ ಇವೆ. ಇವತ್ತು ಎಲ್ಲರಿಗೂ ಲೈವ್ ಪರೀಕ್ಷೆ ಮಾಡೋಣ. ಬ್ಯಾಕಪ್ ತಂದವರಿಗೆ ಮಾತ್ರ ಇನ್‌ಸ್ಟಾಲ್. ಉಳಿದವರು ವೈಫೈ, ಸದ್ದು, ಮುಚ್ಚಳ ಮೂರನ್ನೂ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ, ಮುಂದಿನ ಭಾನುವಾರ ಆ ಚೀಟಿ ಹಿಡಿದುಕೊಂಡು ಬನ್ನಿ.